ಅಮೆರಿಕದ ಹಳ್ಳಿಗಾಡಿನ ಕೌಂಟಿಯಲ್ಲಿ ಕೆಲಸವೆಷ್ಟು, ಸಂಬಳವೆಷ್ಟು: ಅಂಕಿ ತೆಗೆಯುವ, ತೂಗಿ ನೋಡುವ ಕ್ರಮ

ನಾಲ್ಕು ಸಾವಿರ ನೌಕರಿಗಳಿರುವ ಕೌಂಟಿಯಲ್ಲಿ (ಅಮೆರಿಕದ ರಾಜ್ಯದೊಳಗಿನ, ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಒಂದು ದೊಡ್ಡ ಮಾಂಸ ಸಂಸ್ಕರಣಾ ಘಟಕ ರಾತ್ರಿ ಪಾಳಿ ನಿಲ್ಲಿಸಿ 400 ಮಂದಿಯನ್ನು ಮನೆಗೆ ಕಳಿಸಿದರೆ, ಕೌಂಟಿಯ ಉದ್ಯೋಗದಲ್ಲಿ ಶೇ. 10 ಒಂದೇ ಏಟಿಗೆ ಕರಗುತ್ತದೆ. ಅದೇ ಘಟಕ ಯಾರನ್ನೂ ಕಳಿಸದೆ, ಆ 400 ಮಂದಿಯನ್ನು ಪಕ್ಕದ ಕೌಂಟಿಯಲ್ಲಿ ಕಚೇರಿ ಇಟ್ಟುಕೊಂಡಿರುವ ಗುತ್ತಿಗೆ ಏಜೆನ್ಸಿಯ ಪೇರೋಲ್‌ಗೆ ದಾಟಿಸಿದರೂ ಪಟ್ಟಿಯಲ್ಲಿ ಕಾಣುವುದು ಅದೇ ಶೇ. 10ರ ಕುಸಿತ. ಸಾವಿರಾರು ಉದ್ಯೋಗದಾತರಿರುವ ಮಹಾನಗರದಲ್ಲಿ ಇಂಥ ವ್ಯತ್ಯಾಸ ಒಂದರಲ್ಲಿ ಇನ್ನೊಂದು ಮುಚ್ಚಿಹೋಗುತ್ತದೆ. ಸಣ್ಣ ಕೌಂಟಿಯಲ್ಲಿ ಮುಚ್ಚಿಹೋಗುವುದಿಲ್ಲ. ಆದ್ದರಿಂದ ಇಲ್ಲಿ ಏರಿಕೆ, ಇಳಿಕೆ ಎಂಬ ಮಾತನ್ನು ಆಡುವ ಮೊದಲು ಎರಡು ವಿಷಯ ಗೊತ್ತಿರಬೇಕು: ಈ ಅಂಕಿ ಯಾರನ್ನು ಎಣಿಸುತ್ತದೆ, ಅದನ್ನು ಅಲುಗಾಡಿಸಿದ್ದು ಯಾವ ಘಟಕ.

ಎಣಿಸುವುದು ಕೆಲಸವನ್ನೋ, ಜನರನ್ನೋ

ಮೊದಲು ನಿಮ್ಮ ಪ್ರಶ್ನೆಯನ್ನೇ ಬಿಡಿಸಿಕೊಳ್ಳಿ. "ಈ ಕೌಂಟಿಯೊಳಗೆ ಎಷ್ಟು ನೌಕರಿಗಳಿವೆ" ಎಂಬುದು ಒಂದು ಪ್ರಶ್ನೆ. "ಈ ಕೌಂಟಿಯ ನಿವಾಸಿಗಳಲ್ಲಿ ಎಷ್ಟು ಮಂದಿ ದುಡಿಯುತ್ತಿದ್ದಾರೆ" ಎಂಬುದು ಬೇರೆಯೇ ಪ್ರಶ್ನೆ. ಎರಡಕ್ಕೂ ಉತ್ತರ ಕೊಡುವುದು ಬ್ಯೂರೋ ಆಫ್ ಲೇಬರ್ ಸ್ಟ್ಯಾಟಿಸ್ಟಿಕ್ಸ್, ಅಂದರೆ ಬಿಎಲ್‌ಎಸ್. ಆದರೆ ಎರಡು ಬೇರೆ ಕಡತಗಳಿಂದ.

ಮೊದಲನೆಯದಕ್ಕೆ ಕ್ವಾರ್ಟರ್ಲಿ ಸೆನ್ಸಸ್ ಆಫ್ ಎಂಪ್ಲಾಯ್‌ಮೆಂಟ್ ಅಂಡ್ ವೇಜಸ್. ಇಲ್ಲಿ ತ್ರೈಮಾಸಿಕ ಗಣತಿ ಎಂದು ಕರೆಯೋಣ. ಇದು ಸ್ಯಾಂಪಲ್ ಸಮೀಕ್ಷೆಯಲ್ಲ. ನಿರುದ್ಯೋಗ ವಿಮೆಯ ತೆರಿಗೆ ಕಟ್ಟುವ ಪ್ರತಿ ಉದ್ಯೋಗದಾತ ಮೂರು ತಿಂಗಳಿಗೊಮ್ಮೆ ರಾಜ್ಯಕ್ಕೆ ಸಲ್ಲಿಸುವ ವರದಿಯೇ ಇದರ ಮೂಲ. ದೇಶದ ಶೇ. 95ಕ್ಕಿಂತ ಹೆಚ್ಚು ನೌಕರಿಗಳು ಇದರಲ್ಲಿ ಸೇರುತ್ತವೆ. ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿಗೆ ಎಣಿಕೆ, ಗುತ್ತಿಗೆ ಏಜೆನ್ಸಿಯವರನ್ನು ಮಾತ್ರ ಏಜೆನ್ಸಿಯ ಕಚೇರಿ ಇರುವಲ್ಲಿ. ಒಬ್ಬರೇ ಎರಡು ಕಡೆ ದುಡಿದರೆ ಎರಡು ಸಲ ಎಣಿಕೆ.

ಎರಡನೆಯದಕ್ಕೆ ಲೋಕಲ್ ಏರಿಯಾ ಅನ್‌ಎಂಪ್ಲಾಯ್‌ಮೆಂಟ್ ಸ್ಟ್ಯಾಟಿಸ್ಟಿಕ್ಸ್. ಪ್ರತಿ ತಿಂಗಳ ನಿರುದ್ಯೋಗ ದರ ಬರುವುದು ಇದರಿಂದ. ಇಲ್ಲಿ ಎಣಿಸುವುದು ಜನರನ್ನು, ಅದೂ ಅವರು ವಾಸವಿರುವ ಕೌಂಟಿಯಲ್ಲಿ. ಸ್ವಂತ ದುಡಿಮೆಯವರು, ಹೊಲದ ಒಡೆಯರು ಎಲ್ಲರೂ ಸೇರುತ್ತಾರೆ. ಆದರೆ ಇದು ಲೆಕ್ಕಾಚಾರದ ಅಂದಾಜೇ ಹೊರತು ಎಣಿಕೆಯಲ್ಲ, ಉದ್ಯಮವಾರು ವಿಂಗಡಣೆಯೂ ಇಲ್ಲ. ಉದ್ಯಮವಾರು ಏರಿಳಿತ ಬೇಕಾದವರಿಗೆ ತ್ರೈಮಾಸಿಕ ಗಣತಿಯೇ ಗತಿ. ಒಂದರ ಅಂಶವನ್ನು ಇನ್ನೊಂದರ ಛೇದದಿಂದ ಭಾಗಿಸುವ ತಪ್ಪನ್ನು ಮಾತ್ರ ಮಾಡಬೇಡಿ. ನಿವಾಸಿಗಳ ಅರ್ಧದಷ್ಟು ಮಂದಿ ಹೊರಗೆ ಹೋಗಿ ದುಡಿಯುವ ಕೌಂಟಿಗಳಿವೆ. ಅಲ್ಲಿ ಆ ಭಾಗಾಕಾರಕ್ಕೆ ಅರ್ಥವೇ ಇರುವುದಿಲ್ಲ.

ಗಣತಿಯಿಂದ ಹೊರಗುಳಿದವರು

ಆ ಉಳಿದ ಶೇ. 5 ದೇಶದ ಮಟ್ಟದಲ್ಲಿ ಚಿಲ್ಲರೆ ಎನಿಸುತ್ತದೆ. ಹಳ್ಳಿಗಾಡಿನಲ್ಲಿ ಅದೇ ದೊಡ್ಡದು. ಸ್ವಂತ ಉದ್ಯೋಗಿಗಳು, ಸಂಬಳವಿಲ್ಲದೆ ಮನೆಯ ವ್ಯವಹಾರದಲ್ಲಿ ದುಡಿಯುವವರು, ಸೈನಿಕರು, ಚುನಾಯಿತ ಅಧಿಕಾರಿಗಳು, ಕಮಿಷನ್ ಮೇಲಷ್ಟೇ ದುಡಿಯುವ ವಿಮಾ ಏಜೆಂಟರು, ಬಹುಪಾಲು ಚರ್ಚ್ ಸಿಬ್ಬಂದಿ ಇದರಲ್ಲಿ ಬರುವುದಿಲ್ಲ. ರೈಲ್ವೆಯವರಿಗೆ ಪ್ರತ್ಯೇಕ ನಿರುದ್ಯೋಗ ವಿಮಾ ಕಾನೂನಿದೆ, ಹಾಗಾಗಿ ಅವರಲ್ಲಿ ಹೆಚ್ಚಿನವರೂ ಇಲ್ಲ. ನೆಬ್ರಾಸ್ಕಾದ ನಾರ್ತ್ ಪ್ಲಾಟ್ ಊರಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿಯ ಬೇಲಿ ಯಾರ್ಡ್ ಇದೆ, ಜಗತ್ತಿನಲ್ಲೇ ಅತಿ ದೊಡ್ಡ ರೈಲು ಯಾರ್ಡ್. ಆ ಊರಿರುವ ಲಿಂಕನ್ ಕೌಂಟಿಯ ತ್ರೈಮಾಸಿಕ ಗಣತಿಯನ್ನು ಮಾತ್ರ ನೋಡಿದವರಿಗೆ, ಊರು ಯಾವುದರಿಂದ ಬದುಕಿದೆ ಎಂಬುದೇ ಗೊತ್ತಾಗುವುದಿಲ್ಲ.

ಕೃಷಿಯ ಕತೆ ಇನ್ನೂ ತೊಡಕಿನದು. ಫೆಡರಲ್ ನಿಯಮದ ಪ್ರಕಾರ, ಒಂದು ತ್ರೈಮಾಸಿಕದಲ್ಲಿ 20,000 ಡಾಲರ್ ಅಥವಾ ಹೆಚ್ಚು ನಗದು ಕೂಲಿ ಕೊಟ್ಟ, ಇಲ್ಲವೇ ವರ್ಷದ 20 ಬೇರೆಬೇರೆ ವಾರಗಳಲ್ಲಿ ಒಂದು ದಿನವಾದರೂ 10 ಅಥವಾ ಹೆಚ್ಚು ಆಳುಗಳನ್ನು ಇಟ್ಟುಕೊಂಡ ಜಮೀನಿಗೆ ಮಾತ್ರ ನಿರುದ್ಯೋಗ ತೆರಿಗೆ ಕಡ್ಡಾಯ. ಕೆಲವು ರಾಜ್ಯಗಳು ಇದಕ್ಕಿಂತ ಸಣ್ಣ ಜಮೀನುಗಳನ್ನೂ ಒಳಗೆ ತಂದಿವೆ, ಕ್ಯಾಲಿಫೋರ್ನಿಯಾ ಅಂಥದ್ದು. ಎಚ್-2ಎ ವೀಸಾದಲ್ಲಿ ಬರುವ ಹಂಗಾಮಿ ಕೃಷಿ ಕಾರ್ಮಿಕರ ಕೂಲಿಗೆ ಫೆಡರಲ್ ನಿರುದ್ಯೋಗ ತೆರಿಗೆಯಿಲ್ಲ, ಹಲವು ರಾಜ್ಯಗಳಲ್ಲಿ ರಾಜ್ಯದ ತೆರಿಗೆಯೂ ಇಲ್ಲ. ಹೀಗಾಗಿ ಸ್ಥಳೀಯ ಆಳುಗಳ ಬದಲು ಎಚ್-2ಎ ಕಾರ್ಮಿಕರನ್ನು ತಂದ ತೋಟದಲ್ಲಿ ದುಡಿಯುವ ಕೈಗಳು ಅಷ್ಟೇ ಇದ್ದರೂ ಗಣತಿಯಲ್ಲಿ ಉದ್ಯೋಗ ಕುಸಿದಂತೆ ಕಾಣಬಹುದು. ಎರಡು ರಾಜ್ಯಗಳ ಕೃಷಿ ಉದ್ಯೋಗವನ್ನು ಈ ಕಡತದಿಂದ ಹೋಲಿಸಲು ಹೋಗಲೇಬೇಡಿ.

ಕೃಷಿಗೆ ಬೇರೆ ಮೂಲಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಐದು ವರ್ಷಕ್ಕೊಮ್ಮೆ ಬರುವ ಕೃಷಿ ಗಣತಿ (2012, 2017, 2022) ಪ್ರತಿ ಕೌಂಟಿಯಲ್ಲಿ ನೇರ ಆಳುಗಳಿಗೆ ಎಷ್ಟು, ಗುತ್ತಿಗೆ ಆಳುಗಳಿಗೆ ಎಷ್ಟು ಖರ್ಚಾಯಿತು ಎಂಬುದನ್ನು ಬೇರೆಬೇರೆಯಾಗಿ ಕೊಡುತ್ತದೆ. ಎಚ್-2ಎ ಅರ್ಜಿಗಳ ಕಡತವನ್ನು ಕಾರ್ಮಿಕ ಇಲಾಖೆಯೇ ಪ್ರಕಟಿಸುತ್ತದೆ, ಕೆಲಸದ ಸ್ಥಳದ ಕೌಂಟಿಯೂ ಅದರಲ್ಲಿರುತ್ತದೆ. ಆದರೆ ಅದು ಮಂಜೂರಾದ ಹುದ್ದೆಗಳ ಲೆಕ್ಕ, ಬಂದು ದುಡಿದವರ ಲೆಕ್ಕವಲ್ಲ. ಸ್ವಂತ ಉದ್ಯೋಗಕ್ಕೆ ಸೆನ್ಸಸ್ ಬ್ಯೂರೋದ ನಾನ್‌ಎಂಪ್ಲಾಯರ್ ಸ್ಟ್ಯಾಟಿಸ್ಟಿಕ್ಸ್ ಇದೆ: ಸಂಬಳದ ನೌಕರರಿಲ್ಲದ, ವರ್ಷಕ್ಕೆ 1,000 ಡಾಲರ್ ಅಥವಾ ಹೆಚ್ಚು ವಹಿವಾಟು ತೋರಿಸಿದ ವ್ಯವಹಾರಗಳು ಅದರಲ್ಲಿ ಸಿಗುತ್ತವೆ, ಕಟ್ಟಡ ನಿರ್ಮಾಣಕ್ಕೆ ಆ ಮಿತಿ ಕೇವಲ 1 ಡಾಲರ್. ಹೊಲಗದ್ದೆ ಮಾತ್ರ ಅದರಲ್ಲಿಲ್ಲ.

ಕಡತ ಇಳಿಸಿಕೊಳ್ಳುವುದು, ಸಾಲು ಆರಿಸುವುದು

ಬಿಎಲ್‌ಎಸ್ ತಾಣದಲ್ಲಿ ಒಂದು ಪ್ರದೇಶಕ್ಕೆ ಒಂದರಂತೆ ಸಿಎಸ್‌ವಿ ಕಡತಗಳಿವೆ. ವಾರ್ಷಿಕ ಸರಾಸರಿಯದು ಬೇರೆ, ತ್ರೈಮಾಸಿಕದ್ದು ಬೇರೆ. ಕನಿಷ್ಠ ಹತ್ತು ವರ್ಷದ ವಾರ್ಷಿಕ ಕಡತ ತೆಗೆದುಕೊಳ್ಳಿ. ನೇಕ್ಸ್ ಎಂಬ ಹೊಸ ಉದ್ಯಮ ಸಂಕೇತಗಳ (ಪ್ರತಿ ಉದ್ಯಮಕ್ಕೂ ಒಂದು ಸಂಖ್ಯೆ, ಅಂಕಿ ಹೆಚ್ಚಿದಷ್ಟೂ ಸೂಕ್ಷ್ಮ ವಿಂಗಡಣೆ) ಪ್ರಕಾರ 1990ರಿಂದ ಅಂಕಿ ಸಿಗುತ್ತದೆ. ಆಮೇಲೆ ಹೀಗೆ ಮಾಡಿ:

1. ಕೌಂಟಿಯ ಫಿಪ್ಸ್ ಸಂಖ್ಯೆ, ಅಂದರೆ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆ, ಐದು ಅಂಕಿಯದು, ಮೊದಲ ಎರಡು ರಾಜ್ಯದ್ದು, ಉಳಿದ ಮೂರು ಕೌಂಟಿಯದು. ಆ ಕಾಲಂ ಅನ್ನು ಅಕ್ಷರವಾಗಿಯೇ ಓದಿಸಿ, ಸಂಖ್ಯೆಯಾಗಿ ಅಲ್ಲ. ಇಲ್ಲದಿದ್ದರೆ 01ರಿಂದ ಶುರುವಾಗುವ ಅಲಬಾಮದ ಎಲ್ಲ ಕೌಂಟಿಗಳೂ ಸ್ಪ್ರೆಡ್‌ಶೀಟಿನಲ್ಲಿ ಮುಂದಿನ ಸೊನ್ನೆ ಕಳೆದುಕೊಳ್ಳುತ್ತವೆ, ಬೇರೆ ಕಡತದೊಂದಿಗೆ ಜೋಡಿಸುವಾಗ ಸದ್ದಿಲ್ಲದೆ ಬಿಟ್ಟುಹೋಗುತ್ತವೆ.

2. ಒಂದೇ ಕಡತದಲ್ಲಿ ಒಟ್ಟು ಮೊತ್ತವೂ ಅದರ ಬಿಡಿ ಭಾಗಗಳೂ ಒಟ್ಟಿಗೇ ಇರುತ್ತವೆ. ಇಡೀ ಕಾಲಂ ಕೂಡಿಸಿದರೆ ನಿಜವಾದ ಉದ್ಯೋಗದ ಹಲವು ಪಟ್ಟು ಬರುತ್ತದೆ. ಆ ಸಾಲು ಯಾವ ಮಟ್ಟದ ಮೊತ್ತ ಎಂದು ಹೇಳುವ ಅಗ್ರಿಗೇಷನ್ ಕೋಡ್ ನೋಡಿ ಸೋಸಬೇಕು: ಕೌಂಟಿ ಮಟ್ಟದಲ್ಲಿ 70 ಎಂದರೆ ಒಟ್ಟು, 71 ಎಂದರೆ ಮಾಲೀಕತ್ವವಾರು ಒಟ್ಟು, 73 ಸೂಪರ್‌ಸೆಕ್ಟರ್ (ವಲಯಗಳನ್ನು ಸೇರಿಸಿದ ಗುಂಪು), 74 ಎರಡಂಕಿ ವಲಯ, 75ರಿಂದ 78ರವರೆಗೆ ಮೂರರಿಂದ ಆರಂಕಿ ಉದ್ಯಮಗಳು.

3. ಮಾಲೀಕತ್ವದ ಕೋಡ್: 1 ಫೆಡರಲ್, 2 ರಾಜ್ಯ, 3 ಸ್ಥಳೀಯ ಸರ್ಕಾರ, 5 ಖಾಸಗಿ. ಎಲ್ಲವೂ ಸೇರಿದ 0 ಕೌಂಟಿಯ ಒಟ್ಟು ಸಾಲಿಗೆ ಮಾತ್ರ ಇದೆ. ಉದ್ಯಮವಾರು ಒಟ್ಟು ಬೇಕಿದ್ದರೆ 1, 2, 3, 5 ಸಾಲುಗಳನ್ನು ನೀವೇ ಕೂಡಿಸಬೇಕು.

4. ಡಿಸ್‌ಕ್ಲೋಷರ್ ಕಾಲಂನಲ್ಲಿ ಎನ್ ಅಕ್ಷರವಿದ್ದರೆ ಆ ಸಾಲಿನ ಉದ್ಯೋಗ, ವೇತನ ಎರಡನ್ನೂ ಗೋಪ್ಯತೆಗಾಗಿ ಮುಚ್ಚಿಟ್ಟಿದ್ದಾರೆ ಎಂದರ್ಥ. ಕಡತದಲ್ಲಿ ಅಲ್ಲಿ ಕಾಣುವುದು 0. ಅದು ಸೊನ್ನೆಯಲ್ಲ! ಮೊದಲ ಕೆಲಸವಾಗಿ ಅಂಥ ಎಲ್ಲ ಸೊನ್ನೆಗಳನ್ನು ಖಾಲಿ ಮಾಡಿ. ಹಿಂದಿನ ವರ್ಷ 310 ಇದ್ದ ಗಣಿಗಾರಿಕೆ ಈ ವರ್ಷ 0 ಆಯಿತು, ಗಣಿ ಮುಚ್ಚಿತು ಎಂದು ಬರೆದು ಮುಜುಗರಪಟ್ಟವರು ಇದ್ದಾರೆ.

ಮೂರನೆಯದನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಹಳ್ಳಿಗಾಡಿನ ಕೌಂಟಿಯಲ್ಲಿ ಎರಡು ದೊಡ್ಡ ಉದ್ಯೋಗದಾತರು ಯಾರೆಂದರೆ ಬಹುತೇಕ ಕಡೆ ಶಾಲಾ ಜಿಲ್ಲೆ ಮತ್ತು ಆಸ್ಪತ್ರೆ. ಆಸ್ಪತ್ರೆ ಕೌಂಟಿಯದಾಗಿದ್ದರೆ ಅದರ ನೌಕರರು 622 ಉದ್ಯಮದಲ್ಲಿ, ಕೋಡ್ 3ರ ಅಡಿ ಇರುತ್ತಾರೆ. ಕೌಂಟಿ ಅದನ್ನು ಲಾಭರಹಿತ ಆಸ್ಪತ್ರೆ ಸಮೂಹಕ್ಕೆ ಮಾರಿದ ತಿಂಗಳೇ ಅದೇ ದಾದಿಯರು, ಅದೇ ಕಟ್ಟಡದಲ್ಲಿ, ಕೋಡ್ 5ಕ್ಕೆ ದಾಟುತ್ತಾರೆ. ಖಾಸಗಿ ವಲಯವನ್ನಷ್ಟೇ ನೋಡಿದವರಿಗೆ "ಆರೋಗ್ಯ ಕ್ಷೇತ್ರದಲ್ಲಿ ಭಾರಿ ಜಿಗಿತ", ಸರ್ಕಾರವನ್ನಷ್ಟೇ ನೋಡಿದವರಿಗೆ "ಸರ್ಕಾರಿ ಉದ್ಯೋಗ ಕಡಿತ". ಎರಡೂ ಸುಳ್ಳು. ಅಮೆರಿಕದ ಮೂಲನಿವಾಸಿಗಳ ಬುಡಕಟ್ಟು ಸರ್ಕಾರಗಳ ವಿಷಯವೂ ಹೀಗೆಯೇ. 2001ರಿಂದ ಬುಡಕಟ್ಟು ಮಂಡಳಿಗಳ ಉದ್ಯೋಗವನ್ನು ಸ್ಥಳೀಯ ಸರ್ಕಾರದಡಿ ಎಣಿಸುತ್ತಾರೆ, ಅವರ ಕ್ಯಾಸಿನೊ ಸಿಬ್ಬಂದಿಯೂ ಅದರಲ್ಲಿ ಸೇರಿರಬಹುದು. ಸ್ಥಳೀಯ ಸರ್ಕಾರ ಇಷ್ಟು ದಪ್ಪಗಿದೆಯಲ್ಲ ಎಂದು ಮೂಗು ಮುರಿಯುವ ಮೊದಲು ಕೌಂಟಿಯಲ್ಲಿ ಮೀಸಲು ಪ್ರದೇಶವಿದೆಯೇ ನೋಡಿ.

ಖಾಸಗಿ ಕಂಪನಿ ನಡೆಸುವ ಜೈಲು ಇನ್ನೊಂದು ಮರೆಯ ಜಾಗ. ಅದರ ಸಂಕೇತ 561210, ಅಂದರೆ ಆಡಳಿತ ಮತ್ತು ಪೂರಕ ಸೇವೆಗಳ ವಲಯ 56. ಗುತ್ತಿಗೆ ಏಜೆನ್ಸಿ 561320 ಕೂಡ ಅದೇ ವಲಯದಲ್ಲಿ. ಸಣ್ಣ ಕೌಂಟಿಯಲ್ಲಿ ವಲಯ 56 ದಿಢೀರನೆ ಉಬ್ಬಿದರೆ ಈ ಎರಡರಲ್ಲಿ ಒಂದನ್ನು ಮೊದಲು ಶಂಕಿಸಿ. ಅದೇ ಹೊತ್ತಿಗೆ ತಯಾರಿಕೆ ಇಳಿದಿದ್ದರೆ ಏಜೆನ್ಸಿಯೇ ಇರಬೇಕು.

ಮುಚ್ಚಿಟ್ಟ ಅಂಕಿಗಳ ಜೊತೆ ಬದುಕುವುದು

ಒಂದು ಉದ್ಯಮದಲ್ಲಿ ಘಟಕಗಳು ಬೆರಳೆಣಿಕೆಯಷ್ಟಿದ್ದರೆ, ಅಥವಾ ಒಂದೇ ಘಟಕ ಬಹುಪಾಲನ್ನು ಆಳುತ್ತಿದ್ದರೆ ಅದರ ಸಾಲನ್ನು ಮುಚ್ಚುತ್ತಾರೆ. ಆ ಸಾಲನ್ನು ಒಟ್ಟಿನಿಂದ ಕಳೆದು ಕಂಡುಹಿಡಿಯಬಾರದೆಂದು ಇನ್ನೊಂದು ನಿರಪರಾಧಿ ಸಾಲನ್ನೂ ಜೊತೆಗೆ ಮುಚ್ಚುತ್ತಾರೆ. ಸಣ್ಣ ಕೌಂಟಿಯಲ್ಲಿ ನಾಲ್ಕಂಕಿ ಮಟ್ಟಕ್ಕೆ ಇಳಿದರೆ ಅರ್ಧಕ್ಕರ್ಧ ಸಾಲುಗಳು ಹೀಗೆ ಖಾಲಿ ಸಿಕ್ಕರೂ ಅಚ್ಚರಿಯಿಲ್ಲ.

ಆದ್ದರಿಂದ ಮೇಲಿನಿಂದ ಕೆಳಗೆ ಇಳಿಯಿರಿ. ವಲಯ 11 (ಕೃಷಿ, ಅರಣ್ಯ) ಮತ್ತು 21 (ಗಣಿ) ಮುಚ್ಚಿದ್ದರೂ ಅವೆರಡೂ ಸೇರಿದ ಸೂಪರ್‌ಸೆಕ್ಟರ್ 1011 ತೆರೆದಿರುವುದುಂಟು. ಕಳೆಯುವ ಲೆಕ್ಕ ಸರಳ: ಖಾಸಗಿ ತಯಾರಿಕೆ ಒಟ್ಟು 640, ಅದರಲ್ಲಿ ಮರದ ಉತ್ಪನ್ನ 120, ಲೋಹದ ಉತ್ಪನ್ನ 85, ಆಹಾರ ಮತ್ತು ಯಂತ್ರ ಎರಡೂ ಮುಚ್ಚಿವೆ ಎಂದಿಟ್ಟುಕೊಳ್ಳಿ. 640 - 205 = 435, ಇದು ಆಹಾರ ಮತ್ತು ಯಂತ್ರ ಸೇರಿ. ಆ 435ನ್ನು ಅವೆರಡರ ನಡುವೆ ಹಂಚುವ ಆಸೆ ಬೇಡ. "ಆಹಾರ ಮತ್ತು ಯಂತ್ರ" ಎಂದೇ ಒಂದು ಗುಂಪು ಮಾಡಿ ಹತ್ತೂ ವರ್ಷಕ್ಕೆ ಅದೇ ಗುಂಪನ್ನು ಸಾಗಿಸಿ. ಘಟಕಗಳ ಸಂಖ್ಯೆಯನ್ನು ಮುಚ್ಚುವುದಿಲ್ಲ, ಅದರಿಂದ ಸುಳಿವು ಸಿಗುತ್ತದೆ.

ಸೆನ್ಸಸ್ ಬ್ಯೂರೋದ ಕೌಂಟಿ ಬಿಸಿನೆಸ್ ಪ್ಯಾಟರ್ನ್ಸ್‌ನಿಂದ ರಂಧ್ರ ತುಂಬಲು ಹಲವರು ಹೋಗುತ್ತಾರೆ. ಅದು ಮಾರ್ಚ್ ಮಧ್ಯದ ಒಂದೇ ಸಂಬಳದ ಅವಧಿಯ ಉದ್ಯೋಗ, ಹೊಲದ ಕೆಲಸ ಇಲ್ಲ, ಸರ್ಕಾರ ಬಹುತೇಕ ಇಲ್ಲ, ಗೋಪ್ಯತೆಗಾಗಿ ಅಂಕಿಗಳಲ್ಲಿ ಬೇಕೆಂದೇ ಸ್ವಲ್ಪ ಕಲಬೆರಕೆ ಮಾಡಿರುತ್ತಾರೆ; 2017ರಿಂದ ಮೂರಕ್ಕಿಂತ ಕಡಿಮೆ ಘಟಕಗಳಿರುವ ಸಾಲೇ ಇರುವುದಿಲ್ಲ. ಗಾತ್ರದ ಅಂದಾಜಿಗೆ ಪರವಾಗಿಲ್ಲ, ಎರಡನ್ನೂ ಹೊಲಿದು ಒಂದೇ ಗೆರೆ ಎಳೆಯಲು ಸಲ್ಲ.

ಜಿಗಿತ ಕಂಡಾಗ ಮೊದಲು ಕೇಳುವುದು: ಇದು ಜನವರಿಯದೇ?

ಪ್ರತಿವರ್ಷ ಒಂದಷ್ಟು ಪಾಲು ಘಟಕಗಳಿಗೆ ರಾಜ್ಯಗಳು ಪತ್ರ ಬರೆದು ನಿಮ್ಮ ವಿಳಾಸ, ನಿಮ್ಮ ಉದ್ಯಮ ಸರಿಯಿದೆಯೇ ಎಂದು ಕೇಳುತ್ತವೆ. ತಪ್ಪಿದ್ದರೆ ತಿದ್ದಿದ ಸಂಕೇತ ಮುಂದಿನ ವರ್ಷದ ಮೊದಲ ತ್ರೈಮಾಸಿಕದಿಂದ ಜಾರಿ. ಹೀಗಾಗಿ ಡಿಸೆಂಬರ್‌ನಲ್ಲಿ ಸಗಟು ವ್ಯಾಪಾರದಲ್ಲಿದ್ದ 90 ಮಂದಿ ಜನವರಿಯಲ್ಲಿ ಸಾರಿಗೆಗೆ ಬಂದಿರುತ್ತಾರೆ, ಯಾರೂ ಕೆಲಸ ಬದಲಿಸದೆ. ಹಲವು ಶಾಖೆಗಳಿರುವ ಕಂಪನಿ ಅಲ್ಲಿಯವರೆಗೆ ಎಲ್ಲರನ್ನೂ ಮುಖ್ಯ ಕಚೇರಿಯ ಕೌಂಟಿಯಲ್ಲೇ ತೋರಿಸುತ್ತಿದ್ದು, ಆಮೇಲೆ ಶಾಖೆವಾರು ವರದಿ ಕೊಡತೊಡಗಿದರೂ ಇದೇ ಪರಿಣಾಮ. ಪ್ರಕಟವಾಗುವ ಕಚ್ಚಾ ಅಂಕಿಗಳಲ್ಲಿ ಹಳೆಯ ವರ್ಷಗಳನ್ನು ಇದಕ್ಕೆ ತಕ್ಕಂತೆ ಸರಿಪಡಿಸಿರುವುದಿಲ್ಲ. ಪರೀಕ್ಷೆ ಸುಲಭ: ತಿಂಗಳವಾರು ಉದ್ಯೋಗ ತೆಗೆದು, ಡಿಸೆಂಬರ್‌ನಿಂದ ಜನವರಿಗೆ ಒಂದು ಉದ್ಯಮದಲ್ಲಿ ಇಳಿದಷ್ಟೇ ಇನ್ನೊಂದು ಉದ್ಯಮದಲ್ಲೋ ಪಕ್ಕದ ಕೌಂಟಿಯಲ್ಲೋ ಏರಿದೆಯೇ ನೋಡಿ. ಏರಿದ್ದರೆ ಕಾಗದದ ಬದಲಾವಣೆ ಎಂದೇ ಹಿಡಿಯಿರಿ.

ದೇಶವ್ಯಾಪಿ ಬಿರುಕುಗಳೂ ಇವೆ. 2013ರ ಮೊದಲ ತ್ರೈಮಾಸಿಕದಲ್ಲಿ, ಮನೆಗೆಲಸದವರು ಎಂದು 814ರಲ್ಲಿ ಎಣಿಸುತ್ತಿದ್ದ ಆರೈಕೆದಾರರಲ್ಲಿ ಬಹಳ ಮಂದಿಯನ್ನು ವೃದ್ಧರ ಮತ್ತು ಅಂಗವಿಕಲರ ಸೇವೆಗೆ, ಅಂದರೆ 62412ಕ್ಕೆ ಒಯ್ದರು. ಆ ವರ್ಷದ "ಆರೋಗ್ಯ ಮತ್ತು ಸಾಮಾಜಿಕ ನೆರವು" ಏರಿಕೆಯಲ್ಲಿ ಇದರ ಪಾಲಿದೆ. 2022ರ ಮೊದಲ ತ್ರೈಮಾಸಿಕದಿಂದ ನೇಕ್ಸ್ ಸಂಕೇತಗಳ 2022ರ ಆವೃತ್ತಿ ಬಂತು, ಚಿಲ್ಲರೆ ವ್ಯಾಪಾರದ ಒಳವಿಂಗಡಣೆ ಪೂರ್ತಿ ಮರುಜೋಡಣೆಯಾಯಿತು. 44-45 ವಲಯದ ಒಟ್ಟನ್ನು ಹಿಡಿದು ಸಾಗಬಹುದು, ಅದರೊಳಗಿನ ಮೂರಂಕಿ ಗೆರೆಗಳನ್ನು 2021ರಿಂದ 2022ಕ್ಕೆ ಎಳೆಯಬೇಡಿ. ಕೌಂಟಿಗಳೂ ಹೆಸರು, ಸಂಖ್ಯೆ ಬದಲಿಸುತ್ತವೆ: ದಕ್ಷಿಣ ಡಕೋಟದ ಶಾನನ್ ಕೌಂಟಿ 2015ರಲ್ಲಿ ಓಗ್ಲಾಲ ಲಕೋಟ ಕೌಂಟಿಯಾಯಿತು, ಫಿಪ್ಸ್ 46113 ಹೋಗಿ 46102 ಬಂತು.

ಋತುಮಾನದ ತಿದ್ದುಪಡಿ ಕೌಂಟಿಯ ಅಂಕಿಗಳಲ್ಲಿ ಇಲ್ಲ. ಜುಲೈನಲ್ಲಿ ಶಾಲಾ ಸಿಬ್ಬಂದಿ ಇಳಿಯುತ್ತಾರೆ, ಸ್ಕೀ ಊರುಗಳಲ್ಲಿ ಏಪ್ರಿಲ್ ಕಳೆದೊಡನೆ ಹೋಟೆಲು ಖಾಲಿ. ಒಂದು ವರ್ಷದ ತ್ರೈಮಾಸಿಕವನ್ನು ಹಿಂದಿನ ವರ್ಷದ ಅದೇ ತ್ರೈಮಾಸಿಕದ ಜೊತೆಗಷ್ಟೇ ಇಟ್ಟು ನೋಡಿ.

ಸರಾಸರಿ ವಾರದ ವೇತನ ಎಂದರೆ ಏನು, ಏನಲ್ಲ

ಸೂತ್ರ ಇದು: ತ್ರೈಮಾಸಿಕದಲ್ಲಿ ಕೊಟ್ಟ ಒಟ್ಟು ವೇತನ ÷ ಮೂರು ತಿಂಗಳ ಉದ್ಯೋಗದ ಸರಾಸರಿ ÷ 13. ವೇತನದಲ್ಲಿ ಬೋನಸ್, ವರದಿಯಾದ ಟಿಪ್ಸ್, ಕೆಲಸ ಬಿಡಿಸುವಾಗ ಕೊಟ್ಟ ಪರಿಹಾರ ಎಲ್ಲ ಸೇರಿವೆ. ಉದ್ಯೋಗದಾತ ಕಟ್ಟುವ ಆರೋಗ್ಯ ವಿಮೆಯ ಪಾಲು ಸೇರಿಲ್ಲ. ಪೂರ್ಣಾವಧಿ, ಅರೆಕಾಲಿಕ ಎಂಬ ಭೇದವಿಲ್ಲ, ಗಂಟೆಯ ಲೆಕ್ಕವೂ ಇಲ್ಲ.

ಈ ಕೊನೆಯದನ್ನು ಮರೆತವರೇ ಹೆಚ್ಚು. ಫೆಡರಲ್ ಕನಿಷ್ಠ ವೇತನ 2009ರ ಜುಲೈನಿಂದ ಗಂಟೆಗೆ 7.25 ಡಾಲರ್, ವಾರಕ್ಕೆ 40 ಗಂಟೆ ದುಡಿದರೆ 290. ಊಟದ ಹೋಟೆಲುಗಳ ಸರಾಸರಿ 280 ಎಂದು ಕಂಡರೆ ಕನಿಷ್ಠಕ್ಕಿಂತ ಕಡಿಮೆ ಕೊಡುತ್ತಿದ್ದಾರೆ ಎಂದಲ್ಲ, ವಾರಕ್ಕೆ ಇಪ್ಪತ್ತು ಗಂಟೆಯ ಹುಡುಗರೂ ಆ ಲೆಕ್ಕದಲ್ಲಿದ್ದಾರೆ ಎಂದು.

ಮುಂದಿನ ಬಲೆ ಹನ್ನೆರಡನೇ ತಾರೀಖು. ತಿಂಗಳ ಉದ್ಯೋಗ ಎಂದರೆ ಆ ತಿಂಗಳ 12ನೇ ತಾರೀಖು ಬೀಳುವ ಸಂಬಳದ ಅವಧಿಯಲ್ಲಿ ದುಡಿದವರು ಅಥವಾ ಸಂಬಳ ಪಡೆದವರು. ವೇತನ ಮಾತ್ರ ಇಡೀ ತ್ರೈಮಾಸಿಕದ್ದು. ಚೆರ್ರಿ ಕೊಯ್ಲಿಗೆ 19ಕ್ಕೆ ಬಂದು ಮುಂದಿನ ತಿಂಗಳ 5ಕ್ಕೆ ಹೊರಟ 200 ಮಂದಿ, ವಾರದ ಸಂಬಳದವರಾದರೆ, ಉದ್ಯೋಗದಲ್ಲಿ ಎಲ್ಲೂ ಇಲ್ಲ. ಅವರ ಕೂಲಿ ಮಾತ್ರ ಅಂಶದಲ್ಲಿ ಪೂರ್ತಿ ಇದೆ. ಆ ತ್ರೈಮಾಸಿಕದ ಕೃಷಿ ವೇತನ ಗಗನಕ್ಕೇರಿದಂತೆ ಕಾಣುತ್ತದೆ. ಹಂಗಾಮಿ ಉದ್ಯಮಗಳಿಗೆ ವಾರದ ಸರಾಸರಿಯನ್ನು ಬಿಟ್ಟು ಒಟ್ಟು ವೇತನದ ಮೊತ್ತವನ್ನೇ ವರ್ಷದಿಂದ ವರ್ಷಕ್ಕೆ ನೋಡುವುದು ಮೇಲು.

ಎರಡು ವಾರಕ್ಕೊಮ್ಮೆ ಸಂಬಳ ಕೊಡುವ ಕಡೆ ಒಂದು ತ್ರೈಮಾಸಿಕದಲ್ಲಿ ಆರು ಸಂಬಳದ ದಿನ ಬಿದ್ದರೆ ಇನ್ನೊಂದರಲ್ಲಿ ಏಳು ಬೀಳುತ್ತದೆ. ಫೆಡರಲ್ ಕಚೇರಿ, ಶಾಲೆ, ಆಸ್ಪತ್ರೆ ಮೇಲುಗೈಯಾಗಿರುವ ಕೌಂಟಿಯಲ್ಲಿ ಇದೊಂದೇ ಕಾರಣಕ್ಕೆ ವೇತನ ಆರನೇ ಒಂದು ಭಾಗದವರೆಗೆ ಏರಿಳಿಯಬಹುದು. ವಾರ್ಷಿಕ ಸರಾಸರಿ ತೆಗೆದರೆ ಈ ತೊಡಕು ಬಹುಮಟ್ಟಿಗೆ ಕರಗುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಮಿಶ್ರಣದ ಮೋಸ. ಲೆಕ್ಕ ತಿಳಿಯಲೆಂದು ಇಟ್ಟ ಅಂಕಿ ಇವು: ಮೊದಲ ವರ್ಷ ಕಾರ್ಖಾನೆಯಲ್ಲಿ 600 ಮಂದಿ, ವಾರಕ್ಕೆ 1,000 ಡಾಲರ್, ಅಂಗಡಿ ಹೋಟೆಲುಗಳಲ್ಲಿ 900 ಮಂದಿ, 500 ಡಾಲರ್. ಸರಾಸರಿ 700. ಎರಡನೇ ವರ್ಷ ಕಾರ್ಖಾನೆಯಲ್ಲಿ ಅದೇ 600 ಮಂದಿ, 1,030. ಅಂಗಡಿಗಳಲ್ಲಿ 600 ಮಂದಿ ಮಾತ್ರ, 510. ಸರಾಸರಿ 770. ಶೇ. 10 ಏರಿಕೆ! ಆದರೆ ಕಾರ್ಖಾನೆಯವರಿಗೆ ಸಿಕ್ಕಿದ್ದು ಶೇ. 3, ಅಂಗಡಿಯವರಿಗೆ ಶೇ. 2, ಮುನ್ನೂರು ಮಂದಿಗೆ ಕೆಲಸವೇ ಇಲ್ಲ. 2020ರ ಎರಡನೇ ತ್ರೈಮಾಸಿಕದಲ್ಲಿ ಇಡೀ ದೇಶದಲ್ಲೇ ಹೀಗಾಯಿತು: ಉದ್ಯೋಗ ಕುಸಿಯಿತು, ಸರಾಸರಿ ವೇತನ ಏರಿತು.

ಮದ್ದು ಇಷ್ಟೆ. ಎರಡನೇ ವರ್ಷದ ವೇತನಗಳನ್ನು ಮೊದಲ ವರ್ಷದ ತಲೆಗಳಿಂದ ಗುಣಿಸಿ: (600 × 1,030 + 900 × 510) ÷ 1,500 = 718. ಅಂದರೆ 70 ಡಾಲರ್ ಏರಿಕೆಯಲ್ಲಿ ಸಂಬಳ ಏರಿದ್ದು 18, ಉಳಿದ 52 ಕಡಿಮೆ ಸಂಬಳದವರು ಪಟ್ಟಿಯಿಂದ ಉದುರಿದ್ದರ ಫಲ. ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲೇ ಕೊಡಿ.

ಬೆಲೆಯೇರಿಕೆ ಕಳೆಯದೆ ವೇತನದ ಗೆರೆ ಎಳೆಯಬಾರದು. ನಗರ ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ 2019ರಲ್ಲಿ 255.657, 2023ರಲ್ಲಿ 304.702. 2019ರ 800 ಡಾಲರನ್ನು 304.702ರಿಂದ ಗುಣಿಸಿ 255.657ರಿಂದ ಭಾಗಿಸಿದರೆ 953.47. ವೇತನ 940ಕ್ಕೆ ಏರಿದ್ದರೆ ಮೇಲ್ನೋಟಕ್ಕೆ ಶೇ. 17.5 ಏರಿಕೆ, ನಿಜದಲ್ಲಿ ಶೇ. 1.4 ಇಳಿಕೆ. ಒಂದು ಮಾತು ನೆನಪಿರಲಿ: ಈ ಸೂಚ್ಯಂಕ ನಗರದವರದ್ದು, ಮಹಾನಗರ ವಲಯದ ಹೊರಗಿನ ಗ್ರಾಮೀಣ ಮನೆಗಳು ಅದರಲ್ಲಿಲ್ಲ, ಅವರಿಗೆಂದೇ ಬೇರೆ ಸೂಚ್ಯಂಕವೂ ಇಲ್ಲ. ಪೆಟ್ರೋಲಿಗೆ ಹೆಚ್ಚು, ಬಾಡಿಗೆಗೆ ಕಡಿಮೆ ಖರ್ಚು ಮಾಡುವ ಮನೆಗೆ ಅದು ಒರಟು ಅಳತೆ. ಒಂದೇ ವರ್ಷದಲ್ಲಿ ಊರಿಂದೂರಿಗೆ ಬೆಲೆ ಹೋಲಿಸಬೇಕಿದ್ದರೆ ಬ್ಯೂರೋ ಆಫ್ ಇಕನಾಮಿಕ್ ಅನಾಲಿಸಿಸ್ ಪ್ರತಿ ರಾಜ್ಯದ ಮಹಾನಗರೇತರ ಭಾಗಕ್ಕೆ ಪ್ರಾದೇಶಿಕ ಬೆಲೆ ಸಮಾನತೆ ಎಂಬ ಅಂಕಿ ಕೊಡುತ್ತದೆ.

ಹುದ್ದೆವಾರು ಸಂಬಳ, ಅಂದರೆ ವೆಲ್ಡರ್‌ಗೆ ಎಷ್ಟು, ನರ್ಸ್‌ಗೆ ಎಷ್ಟು ಎಂಬುದು ಬೇಕಾದರೆ ತ್ರೈಮಾಸಿಕ ಗಣತಿಯಲ್ಲಿ ಸಿಗದು. ಅದಕ್ಕಿರುವ ಬಿಎಲ್‌ಎಸ್ ಸಮೀಕ್ಷೆ ಹಲವು ಕೌಂಟಿಗಳನ್ನು ಸೇರಿಸಿದ ಮಹಾನಗರೇತರ ಪ್ರದೇಶಕ್ಕೆ ಮಾತ್ರ ಅಂಕಿ ಕೊಡುತ್ತದೆ, ಅದೂ ಮೂರು ವರ್ಷದ ಮಾಹಿತಿ ಬೆರೆಸಿ. ವರ್ಷದಿಂದ ವರ್ಷಕ್ಕೆ ಹೋಲಿಸಲು ಅದನ್ನು ಬಳಸಬೇಡಿ.

ಕೌಂಟಿಯದೇ ತಪ್ಪೋ, ಉದ್ಯಮದ್ದೋ

ಒಂದು ಕಾರ್ಖಾನೆ ವಲಯ ಇಳಿದರೆ ಎಲ್ಲ ಕಡೆ ಇಳಿಯುತ್ತಿದೆಯೋ ಇಲ್ಲಿ ಮಾತ್ರವೋ ಎಂದು ಬಿಡಿಸಲು ಶಿಫ್ಟ್-ಶೇರ್ ಲೆಕ್ಕ ಸಾಕು. ಐದು ವರ್ಷದಲ್ಲಿ ಒಂದು ಉದ್ಯಮ 500ರಿಂದ 460ಕ್ಕೆ ಇಳಿಯಿತು, ದೇಶದ ಒಟ್ಟು ಉದ್ಯೋಗ ಶೇ. 6 ಏರಿತು, ದೇಶದಲ್ಲಿ ಆ ಉದ್ಯಮ ಶೇ. 4 ಇಳಿಯಿತು ಎನ್ನಿ. ದೇಶದ ಪಾಲು: 500ರ ಶೇ. 6, ಅಂದರೆ +30. ಉದ್ಯಮದ ಪಾಲು: -4ರಿಂದ 6 ಕಳೆದರೆ -10, ಅಂದರೆ -50. ಸ್ಥಳೀಯ ಪಾಲು: ಇಲ್ಲಿಯ -8ರಿಂದ -4 ಕಳೆದರೆ -4, ಅಂದರೆ -20. ಕೂಡಿಸಿದರೆ -40, ಲೆಕ್ಕ ಸರಿ. ಆದರೆ 20 ನೌಕರಿಗಳ ಸ್ಥಳೀಯ ಪಾಲನ್ನು "ಕೌಂಟಿಯ ಸ್ಪರ್ಧಾತ್ಮಕತೆ ಕುಸಿತ" ಎಂದು ವ್ಯಾಖ್ಯಾನಿಸುವವರನ್ನು ಕಂಡರೆ ನಗು ಬರುತ್ತದೆ. ಅದು ಒಂದು ಘಟಕದ ಒಂದು ಯಂತ್ರಸಾಲಿನ ವಿಷಯವಾಗಿರಬಹುದು. ಆರಂಭದ ವರ್ಷವನ್ನು ಒಂದೆರಡು ಸಲ ಬದಲಿಸಿ ಲೆಕ್ಕ ಮಾಡಿ, ಚಿಹ್ನೆ ತಿರುಗಿದರೆ ಆ ಅಂಕಿಯನ್ನು ಬಿಟ್ಟುಬಿಡಿ.

ಎಣ್ಣೆ, ಕಲ್ಲಿದ್ದಲಿನ ಕೌಂಟಿಗಳಲ್ಲಿ ಆರಂಭದ ವರ್ಷವೇ ಎಲ್ಲ. 2014ರ ಮಧ್ಯದಲ್ಲಿ ಬ್ಯಾರಲ್‌ಗೆ 100 ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಆರಂಭದಲ್ಲಿ 30ಕ್ಕಿಂತ ಕೆಳಗಿಳಿಯಿತು. ಉತ್ತರ ಡಕೋಟದ ವಿಲಿಯಮ್ಸ್, ಮೆಕೆಂಜಿ ಕೌಂಟಿಗಳ ಗೆರೆಯನ್ನು 2014ರಿಂದ ಎಳೆದರೆ ದುರಂತ, 2016ರಿಂದ ಎಳೆದರೆ ಪವಾಡ. ಗಣಿಯ ಹಿಂದೆಯೇ ನಿರ್ಮಾಣ, ಲಾರಿ ಸಾಗಣೆ, ವಸತಿಗೃಹಗಳೂ ಏರಿ ಇಳಿಯುತ್ತವೆ, ಆದ್ದರಿಂದ ಅವನ್ನು ಪ್ರತ್ಯೇಕ ಕತೆಗಳಂತೆ ಬರೆಯಬೇಡಿ.

ಹೋಲಿಕೆಗೆ ಇಡೀ ರಾಜ್ಯವನ್ನು ಹಿಡಿಯುವುದಕ್ಕಿಂತ ಅದೇ ಬಗೆಯ ಕೌಂಟಿಗಳ ಗುಂಪು ಒಳ್ಳೆಯದು. ಕೃಷಿ ಇಲಾಖೆಯ ಆರ್ಥಿಕ ಸಂಶೋಧನಾ ಸೇವೆ ಪ್ರತಿ ಕೌಂಟಿಗೂ 1ರಿಂದ 9ರವರೆಗೆ ಗ್ರಾಮ-ನಗರ ಸಂಕೇತ ಕೊಟ್ಟಿದೆ. 4ರಿಂದ 9 ಮಹಾನಗರೇತರ. ಈ ಸಂಕೇತಗಳನ್ನು 2013ರಲ್ಲಿ, ಮತ್ತೆ 2023ರಲ್ಲಿ ಪರಿಷ್ಕರಿಸಿದರು. ಒಂದೇ ಪರಿಷ್ಕರಣೆಯನ್ನು ಹಿಡಿದು ಎಲ್ಲ ವರ್ಷಗಳಿಗೂ ಅದನ್ನೇ ಬಳಸಿ. ಪ್ರತಿ ಸಲವೂ ಹೊಸದನ್ನು ಹಾಕಿಕೊಂಡರೆ, ಬೆಳೆದ ಕೌಂಟಿಗಳು ಮಹಾನಗರ ಪಟ್ಟಿಗೆ ದಾಟಿಹೋಗಿ ಗ್ರಾಮೀಣ ಗುಂಪಿನಲ್ಲಿ ಬಡವಾದವೇ ಉಳಿಯುತ್ತವೆ, ಹಳ್ಳಿಗಾಡು ಇರುವುದಕ್ಕಿಂತ ಹೆಚ್ಚು ಸೊರಗಿದಂತೆ ಕಾಣುತ್ತದೆ.

ಬರೆಯಲು ಕೂರುವ ಮುನ್ನ

ಸೆನ್ಸಸ್ ಬ್ಯೂರೋದ ಆನ್‌ದಿಮ್ಯಾಪ್ ಎಂಬ ನಕ್ಷೆ ತಾಣ ತೆರೆದು ಎಷ್ಟು ನಿವಾಸಿಗಳು ಹೊರಗೆ ಹೋಗಿ ದುಡಿಯುತ್ತಾರೆ, ಎಷ್ಟು ಮಂದಿ ಒಳಗೆ ಬರುತ್ತಾರೆ ಎಂದು ನೋಡಿಕೊಳ್ಳಿ. ಹೊರಗೆ ಹೋಗುವವರೇ ಹೆಚ್ಚಾದರೆ ಕೌಂಟಿಯೊಳಗಿನ ವೇತನ ಅಲ್ಲಿಯ ಮನೆಗಳ ಆದಾಯವಲ್ಲ ಎಂಬುದನ್ನು ಮೊದಲ ಪುಟದಲ್ಲೇ ಹೇಳಿ.

ನಂತರ ನಿಮ್ಮ ಪಟ್ಟಿಯಲ್ಲಿ ಒಂದು ವರ್ಷಕ್ಕೆ 50 ನೌಕರಿಗಿಂತ ಹೆಚ್ಚು ಏರಿದ ಅಥವಾ ಇಳಿದ ಪ್ರತಿ ಉದ್ಯಮಕ್ಕೂ ಎದುರಿಗೆ ಕಾರಣ ಬರೆಯಿರಿ. ಸ್ಥಳೀಯ ಪತ್ರಿಕೆಯ ಹಳೆಯ ಸಂಚಿಕೆಗಳು ಇದಕ್ಕೆ ಯಾವ ಕಡತಕ್ಕಿಂತಲೂ ಉಪಯುಕ್ತ. 100 ಅಥವಾ ಹೆಚ್ಚು ನೌಕರರಿರುವ ಉದ್ಯೋಗದಾತ ಘಟಕ ಮುಚ್ಚುವಾಗ, ದೊಡ್ಡ ಸಂಖ್ಯೆಯಲ್ಲಿ ಕೆಲಸದಿಂದ ತೆಗೆಯುವಾಗ 60 ದಿನ ಮೊದಲೇ ತಿಳಿಸಬೇಕೆಂದು 1988ರ ವಾರ್ನ್ ಕಾಯ್ದೆ ಹೇಳುತ್ತದೆ. ಹಲವು ರಾಜ್ಯಗಳು ಆ ಸೂಚನೆಗಳನ್ನು ತಾಣದಲ್ಲಿ ಹಾಕುತ್ತವೆ. ಸೂಚನೆ ಕೊಟ್ಟಷ್ಟೂ ಮಂದಿಯನ್ನು ತೆಗೆಯುತ್ತಾರೆ ಎಂದೇನಿಲ್ಲ, ಆದರೆ ಯಾವ ಘಟಕ, ಯಾವ ತಿಂಗಳು ಎಂಬುದು ಸಿಗುತ್ತದೆ. ಗಾಳಿಯಂತ್ರ, ಪೈಪ್‌ಲೈನ್ ಕಾಮಗಾರಿಯಿದ್ದರೆ ಆ ಎರಡು ವರ್ಷ ನಿರ್ಮಾಣ ವಲಯ ಉಬ್ಬಿರುತ್ತದೆ. ಕೆಲಸಗಾರರು ರಾಜ್ಯವಿಡೀ ತಿರುಗುವ ಕಂಪನಿಯವರಾದರೆ ಕೌಂಟಿ ಸಂಖ್ಯೆ 999ರ, ಅಂದರೆ ಇಂಥ ಕೌಂಟಿ ಎಂದು ಗೊತ್ತಾಗದವರ ಸಾಲಿಗೆ ಹೋಗಿ, ಇಲ್ಲಿ ಏನೂ ಕಾಣದಿರಲೂಬಹುದು.

ಕಾರಣ ಸಿಗದ ಜಿಗಿತಗಳಿಗೆ ರಾಜ್ಯದ ಕಾರ್ಮಿಕ ಮಾರುಕಟ್ಟೆ ಮಾಹಿತಿ ಕಚೇರಿಗೆ ಬರೆಯಿರಿ. ಉದ್ಯಮದ ಸಂಕೇತ, ಮಾಲೀಕತ್ವ, ತ್ರೈಮಾಸಿಕ ಮೂರನ್ನೂ ಕೊಟ್ಟು, ಇದು ಸಂಕೇತ ಬದಲಾವಣೆಯೇ ಎಂದು ಮಾತ್ರ ಕೇಳಿ. ಘಟಕದ ಹೆಸರು ಕೇಳಿದರೆ ಗೋಪ್ಯತೆಯ ಕಾನೂನು ತೋರಿಸಿ ಬಾಗಿಲು ಹಾಕುತ್ತಾರೆ. ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಪಟ್ಟಿಯ ಅಡಿಯಲ್ಲಿ ಕಡತ ಇಳಿಸಿಕೊಂಡ ದಿನಾಂಕ ಹಾಕಿ, ಏಕೆಂದರೆ ತ್ರೈಮಾಸಿಕ ಮುಗಿದು ಐದಾರು ತಿಂಗಳಿಗೆ ಬರುವ ಮೊದಲ ಅಂಕಿ ಪ್ರಾಥಮಿಕ. ಮುಂದಿನ ಬಿಡುಗಡೆಗಳಲ್ಲಿ ಅದನ್ನು ತಿದ್ದುತ್ತಾರೆ.